ಬಾಯಿ ಮುಚ್ಚಿಕೊಂಡ ನಗು

ಏಳನೇ ಕ್ಲಾಸಿನ ಗ್ರೂಪ್ ಫೋಟೋ ಒಂದು ನನ್ನ ಹತ್ತಿರ ಇನ್ನೂ ಇದೆ. ಪಾವಗಡ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಮುಂದೆ, ಹೊಂಗೆ ಮರದ ಕೆಳಗೆ ತೆಗೆದದ್ದು. ಮೂರು ಸಾಲು ಮಕ್ಕಳು, ನಡುವೆ ಕುರ್ಚಿಗಳಲ್ಲಿ ಮೇಷ್ಟ್ರುಗಳು. ಪೇಟೆಯಿಂದ ಬಂದಿದ್ದ ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು, “ಸ್ವಲ್ಪ ನಗ್ರಮ್ಮಾ, ಯಾರ್ದೋ ತಿಥಿಗೆ ಬಂದಂಗೆ ನಿಂತಿದೀರಲ್ಲ” ಅಂದಿದ್ದ. ನಾವು ನಕ್ಕೆವು. ತುಟಿ ಬಿಚ್ಚದೆ ನಕ್ಕೆವು. ಹೋದ ವರ್ಷ ಬೀರು ಸ್ವಚ್ಛ ಮಾಡುವಾಗ ಆ ಫೋಟೋ ನನ್ನ ಮಗಳ ಕೈಗೆ ಸಿಕ್ಕಿತು. ಅವಳು ಸಾಲುಸಾಲಾಗಿ ಎಲ್ಲರ ಮುಖ ನೋಡಿ ಕೇಳಿದಳು: “ಅಮ್ಮಾ, ನಿಮ್ ಕ್ಲಾಸಲ್ಲಿ ಯಾರಿಗೂ ಹಲ್ಲೇ ಇರ್ಲಿಲ್ವಾ?”

ಇದ್ದವು. ಎಲ್ಲರಿಗೂ ಇದ್ದವು. ಕೆಲವರದು ಸುಣ್ಣ ಹಚ್ಚಿದ ಹಾಗೆ ಬಿಳಿ ಮಚ್ಚೆ ಮಚ್ಚೆ, ಕೆಲವರದು ಅಡ್ಡಡ್ಡ ಹಳದಿ ಗೆರೆ, ನನ್ನದು ಬೆಲ್ಲದ ಪಾಕ ಹಚ್ಚಿದಂಥ ಕಂದು. ಮುಂದಿನ ನಾಲ್ಕು ಹಲ್ಲಿನಲ್ಲಂತೂ ಢಾಳಾಗಿತ್ತು. ಊರೊಳಗೆ ಇರುವವರೆಗೆ ಇದು ನಮಗೊಂದು ವಿಷಯವೇ ಆಗಿರಲಿಲ್ಲ. ಎಲ್ಲರದೂ ಹಾಗೇ ಇದ್ದಾಗ ಯಾರು ಯಾರನ್ನು ಆಡಿಕೊಳ್ಳುವುದು? ಹೊರಗಿನವರು ಬಂದಾಗ ಮಾತ್ರ ತುಟಿ ತಂತಾನೇ ಮುಚ್ಚಿಕೊಳ್ಳುತ್ತಿತ್ತು.

ಅವ್ವನಿಗೆ ಮಾತ್ರ ಇದು ದೊಡ್ಡ ವಿಷಯ. ಅವ್ವ ಅಂದರೆ ನನ್ನ ಅಜ್ಜಿ. ನಮ್ಮ ಕಡೆ ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಜ್ಜಿಯನ್ನು ಅವ್ವ ಎಂದೇ ಕರೆಯುವುದು. ಎಪ್ಪತ್ತರ ವಯಸ್ಸಲ್ಲೂ ಅವಳ ಹಲ್ಲು ಜೋಳದ ತೆನೆಯ ಹಾಗಿದ್ದವು. ಹುರಿಗಡಲೆ ಕಟಕಟ ಅಗಿಯುತ್ತಾ, “ಉಜ್ಜಲ್ಲ, ಉಜ್ಜಲ್ಲ, ಸೋಮಾರಿಗಳು. ಅದ್ಕೇ ಹಲ್ಲು ಹಂಗಾಗೈತೆ” ಎಂದು ದಿನವೂ ಬೈಯುತ್ತಿದ್ದಳು. ಬೇವಿನ ಕಡ್ಡಿ ಆಯಿತು, ಒಲೆ ಬೂದಿ ಆಯಿತು, ಇದ್ದಿಲು ಆಯಿತು. ಸಂತೆಯಿಂದ ಗುಲಾಬಿ ಬಣ್ಣದ ಹಲ್ಲುಪುಡಿ ಪೊಟ್ಟಣ ಬಂತು. ಅದರ ಕರ್ಪೂರದಂಥ ವಾಸನೆ ಈಗಲೂ ನೆನಪಾಗುತ್ತದೆ; ನಾವು ಉಜ್ಜಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು. ಕೊನೆಗೆ ಒಂದು ಬೇಸಿಗೆಯಲ್ಲಿ ಅವ್ವ ಹೆಂಚಿನ ಚೂರನ್ನು ಕಲ್ಲಲ್ಲಿ ಕುಟ್ಟಿ, ಜರಡಿ ಹಿಡಿದು, ಉಪ್ಪು ಬೆರೆಸಿ ಕೊಟ್ಟಳು. ಒಸಡು ಕಿತ್ತು ರಕ್ತ ಬರುವವರೆಗೆ ಉಜ್ಜಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಕೆಂಪಿನ ನಡುವೆ ಕಂದು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಅವ್ವನ ಹಲ್ಲು ಬೆಳ್ಳಗಿದ್ದು ನಮ್ಮದು ಕಂದಾದದ್ದೇಕೆ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಹಸಿ ಹುಣಸೆಕಾಯಿ ತಿಂದು ಹಾಗಾಗಿದೆ ಎಂದರು ಕೆಲವರು. ನಮ್ಮೂರ ಸುತ್ತ ಹುಣಸೆಮರಗಳಿಗೇನು ಬರವಿಲ್ಲವಲ್ಲ. ಪೂರ್ವಜನ್ಮದ ಕರ್ಮ ಎಂದವರೂ ಇದ್ದರು. ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿಸಿದವರೂ ಇದ್ದರು.

ಪಿಯುಸಿಗೆ ತುಮಕೂರಿನ ಹಾಸ್ಟೆಲ್ಲು ಸೇರಿದೆ. ನಲ್ಲಿಗಳ ಮುಂದೆ ಸಾಲಾಗಿ ನಿಂತು ಹಲ್ಲುಜ್ಜುವ ಜಾಗ. ಬಂದು ನಾಲ್ಕನೇ ದಿನ ಇರಬೇಕು, ಸಂಜೆ ಕಾಲೇಜಿಂದ ವಾಪಸು ಬಂದರೆ ನನ್ನ ಟ್ರಂಕಿನ ಮೇಲೆ ಹೊಸ ಪೇಸ್ಟು, ಹೊಸ ಬ್ರಶ್ಶು. ಪಕ್ಕದ ಮಂಚದ ಹುಡುಗಿ ಇಟ್ಟಿದ್ದಳು. ಬಹಳ ಒಳ್ಳೆಯ ಹುಡುಗಿ, ಆಡಿಕೊಳ್ಳುವ ಬುದ್ಧಿಯಲ್ಲ. ಬಡವರ ಮಗು, ಪೇಸ್ಟಿಗೆ ದುಡ್ಡಿಲ್ಲವೇನೋ ಎಂದು ಮರುಗಿ ತಂದಿಟ್ಟಿದ್ದು. ಯಾರಾದರೂ ಹಂಗಿಸಿದ್ದರೆ ತಿರುಗಿ ಜಗಳವಾಡುತ್ತಿದ್ದೆ. ಆ ಕರುಣೆಗೆ ಏನು ಮಾಡುವುದು? ರಾತ್ರಿ ಹೊದಿಕೆಯೊಳಗೆ ಅತ್ತೆ. ಬೆಳಿಗ್ಗೆ ಎದ್ದು ಅದೇ ಬ್ರಶ್ಶಿನಿಂದ, ಅವಳು ನೋಡಲಿ ಎಂದೇ ಹತ್ತು ನಿಮಿಷ ಉಜ್ಜಿದೆ. ಮಧ್ಯಾಹ್ನ ಉಜ್ಜಿದೆ, ರಾತ್ರಿ ಉಜ್ಜಿದೆ. ಆ ಬ್ರಶ್ಶು ಸವೆದ ಮೇಲೆ ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿ ಬ್ರಶ್ಶು ಕೇಳಿ ತಂದೆ. ಹೀಗೆ ಶುರುವಾದದ್ದು ಇಪ್ಪತ್ತು ವರ್ಷ ನಡೆಯಿತು.

ಬಿ.ಎಡ್. ಓದುವಾಗ ಕಾಲೇಜಿಗೆ ಬಂದ ಒಬ್ಬ ಉಪನ್ಯಾಸಕರು ನೀರಿನ ಬಗ್ಗೆ ಮಾತಾಡುತ್ತಾ ಫ್ಲೋರೈಡ್ ಎಂಬ ಹೆಸರು ಹೇಳಿದರು. ನಮ್ಮ ಸೀಮೆಯ ಕಲ್ಲಿನಲ್ಲೇ ಅದು ಇದೆ. ಅವ್ವನ ಕಾಲಕ್ಕೆ ಊರು ಕುಡಿದದ್ದು ತೆರೆದ ಬಾವಿಯ ನೀರು, ಮಳೆ ಬಿದ್ದು ಇಂಗಿದ ಮೇಲುನೀರು. ಬಾವಿ ಬತ್ತಿ ಬೋರ್‌ವೆಲ್ ಬಂತು. ಇನ್ನೂರು ಅಡಿ, ನಾನೂರು ಅಡಿ, ಆಮೇಲೆ ಎಂಟುನೂರು. ಕಲ್ಲಿನ ಸಂದಿಯಲ್ಲಿ ಎಷ್ಟೋ ಕಾಲದಿಂದ ನಿಂತು ಫ್ಲೋರೈಡ್ ಹೀರಿಕೊಂಡ ನೀರನ್ನು ನಾವು ಮೇಲೆತ್ತಿ ಕುಡಿದೆವು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹುಟ್ಟಿನಿಂದ ಏಳೆಂಟು ವರ್ಷದವರೆಗೆ, ಅಂದರೆ ಶಾಶ್ವತ ಹಲ್ಲುಗಳು ದವಡೆಯೊಳಗೆ ಕಣ್ಣಿಗೆ ಕಾಣದೆ ತಯಾರಾಗುವ ಕಾಲದಲ್ಲಿ, ಇಂಥ ನೀರು ಕುಡಿದರೆ ಹಲ್ಲಿನ ಮೇಲುಕವಚ, ಆ ಎನಾಮೆಲ್ಲು, ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಸಣ್ಣಸಣ್ಣ ರಂಧ್ರ ಉಳಿದುಬಿಡುತ್ತದೆ. ಹಲ್ಲು ಮೂಡಿದ ಮೇಲೆ ಅಲ್ಲಿ ಬಣ್ಣ ಕೂರುತ್ತದೆ. ಅಂದರೆ ನನ್ನ ಹಲ್ಲು ಒಸಡಿನಿಂದ ಹೊರಗೆ ಬರುವ ಮೊದಲೇ ಎಲ್ಲ ತೀರ್ಮಾನವಾಗಿತ್ತು. ನಾನು ಉಜ್ಜುತ್ತಿದ್ದದ್ದು ಕೊಳೆಯನ್ನಲ್ಲ, ಹಲ್ಲನ್ನೇ.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲೂ ಹೀಗೇ ಆಗಿತ್ತಂತೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಲ್ಲಿಗೆ ಬಂದು ನೋಡಿದರೆ ಊರಿನ ಮಕ್ಕಳ ಹಲ್ಲೆಲ್ಲ ಕಂದು. ಅಲ್ಲಿಯ ಜನ ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ ಎಂದರು, ಕೆಟ್ಟ ಹಾಲಿಗೆ ಎಂದರು. (ನಮ್ಮ ಹುಣಸೆಕಾಯಿ ನೆನಪಾಯಿತು.) ನೀರಿನಲ್ಲಿರುವ ಫ್ಲೋರೈಡೇ ಕಾರಣ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ಆದರೆ ಮೆಕೇ ಅದಕ್ಕೂ ಮೊದಲೇ ಇನ್ನೊಂದನ್ನು ಗಮನಿಸಿದ್ದ. ಈ ಕಂದು ಹಲ್ಲುಗಳು ಅಷ್ಟು ಸುಲಭಕ್ಕೆ ಹುಳುಕಾಗುವುದಿಲ್ಲ. ಹೆಚ್ಚಾದರೆ ಹಲ್ಲು ಕೆಡಿಸುವ ಅದೇ ವಸ್ತು ಅಳತೆಯಲ್ಲಿದ್ದರೆ ಹಲ್ಲು ಕಾಯುತ್ತದೆ. ಇವತ್ತು ಜಗತ್ತೆಲ್ಲ ಉಜ್ಜುವ ಫ್ಲೋರೈಡ್ ಪೇಸ್ಟಿನ ಹಿಂದೆ ನಮ್ಮಂಥ ಹಲ್ಲಿನವರ ಒಂದು ಊರಿದೆ ಎಂದು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಿಳಿದ ಮೇಲೆ ಉಜ್ಜುವುದು ನಿಂತಿತೇ? ಇಲ್ಲ. ತಿಳಿವಳಿಕೆ ತಲೆಯಲ್ಲಿತ್ತು, ನಾಚಿಕೆ ಕೈಯಲ್ಲಿತ್ತು.

ಹೆಣ್ಣು ನೋಡಲು ಬಂದವರು “ಒಂದು ಹಾಡು ಹೇಳಮ್ಮ” ಎನ್ನುತ್ತಿದ್ದ ಕಾಲ. ಹಾಡಬೇಕಾದರೆ ಬಾಯಿ ತೆರೆಯಬೇಕು. ಮೂರು ಸಂಬಂಧ ಹಾಡಿನಲ್ಲೇ ಮುಗಿದವು. ನಾಲ್ಕನೆಯವರು ಹಾಡು ಕೇಳಲಿಲ್ಲ. ಅವರದು ಮಧುಗಿರಿ ಕಡೆ, ಅವರ ಹಲ್ಲೂ ಅಷ್ಟಕ್ಕಷ್ಟೇ. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಇಬ್ಬರೂ ಜಗಳವಾಡಿಕೊಂಡು ಬಂದು ನಿಂತವರ ಹಾಗೆ ಕಾಣುತ್ತೇವೆ.

ತುಮಕೂರಿನಲ್ಲಿ ಮನೆ ಮಾಡಿದೆವು. ನಾನು ಹೈಸ್ಕೂಲು ಟೀಚರು, ನಮ್ಮ ಮನೆಯವರು ಸಹಕಾರ ಸಂಘದಲ್ಲಿ. ನಲ್ಲಿಯಲ್ಲಿ ಹೇಮಾವತಿ ನೀರು. ಮಗಳು ಹುಟ್ಟಿದಾಗ ನಾನು ದೇವರಲ್ಲಿ ಬೇಡಿದ್ದು ಒಂದೇ, ಇವಳ ಹಲ್ಲು ಬೆಳ್ಳಗಿರಲಿ. ಆರನೇ ತಿಂಗಳಿಗೆ ಕೆಳಗಿನ ಎರಡು ಅಕ್ಕಿಕಾಳು ಮೂಡಿದವು. ಹಾಲಿನಷ್ಟು ಬಿಳಿ. ಅವಳು ಬಾಯಿ ತುಂಬ ನಗುತ್ತಿದ್ದರೆ ನಾನು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಊರಿಗೆ ಕರೆದುಕೊಂಡು ಹೋದಾಗ ಅವ್ವ ಮೊಮ್ಮಗಳ ಮಗಳ ಬಾಯಿಯನ್ನು ಬೆರಳಿಂದ ಅಗಲಿಸಿ ನೋಡಿ, “ಇದು ನನ್ ಹಲ್ಲು” ಎಂದು ಹೆಮ್ಮೆಪಟ್ಟಳು.

ಬಿಳಿ ಇದೆಯಲ್ಲ, ಇನ್ನೇನು ಬೇಕು? ಹಲ್ಲಿನ ಆರೋಗ್ಯ ಎಂದರೆ ನನ್ನ ಲೆಕ್ಕದಲ್ಲಿ ಬಣ್ಣ, ಅಷ್ಟೇ. ಮೂರು ವರ್ಷದವರೆಗೆ ಅವಳು ಬಾಟಲಿ ಚೀಪುತ್ತಲೇ ಮಲಗುತ್ತಿದ್ದಳು. ಸಕ್ಕರೆ ಹಾಕಿದ ಹಾಲು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಲ್ಲಿ ನಿಂತ ಸಿಹಿ ಹಾಲನ್ನು ತೊಳೆಯುವವರು ಯಾರೂ ಇಲ್ಲ ಎಂದು ನನಗೆ ಹೇಳಿದವರಿಲ್ಲ. ನಾನು ಕೇಳಿದವಳೂ ಅಲ್ಲ. ಸ್ಕೂಲಿಗೆ ಹೋಗತೊಡಗಿದ ಮೇಲೆ ವ್ಯಾನಿನಲ್ಲಿ ಬಿಸ್ಕತ್ತು, ಸಂಜೆ ಚಾಕಲೇಟು, ಟಿವಿ ಮುಂದೆ ಮತ್ತೆ ಬಿಸ್ಕತ್ತು. ನಮ್ಮತ್ತೆಯವರ ಕೊಬ್ಬರಿ ಮಿಠಾಯಿ ಡಬ್ಬಿ ಯಾವಾಗಲೂ ಕೈಗೆಟುಕುವ ಜಾಗದಲ್ಲೇ. ಬೆಳಿಗ್ಗೆ ಅವಳೇ ಬ್ರಶ್ ಮಾಡಿಕೊಳ್ಳುತ್ತಿದ್ದಳು, ಮೂವತ್ತು ಸೆಕೆಂಡು, ಮುಂದಿನ ಹಲ್ಲು ಮಾತ್ರ. ಹಿಂದಿನ ಹಾಲುಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡು.

ಒಂಬತ್ತನೇ ವರ್ಷದಲ್ಲಿ ಒಂದು ರಾತ್ರಿ ಅವಳು ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಅತ್ತೆ ಲವಂಗ ಇಟ್ಟರು. ಬೆಳಗಾಗುವಷ್ಟರಲ್ಲಿ ಕೆನ್ನೆ ಲಿಂಬೆಹಣ್ಣು ತುಂಬಿದ ಹಾಗೆ ಊದಿತ್ತು. ಫೋನಿನಲ್ಲಿ ಅಮ್ಮ, “ಊರಿಗೆ ಕರ್ಕೊಂಬಾ, ಹುಳ ತೆಗೆಸಣ” ಎಂದಳು. ನಮ್ಮ ಕಡೆ ನೆಲಗುಳ್ಳದ ಬೀಜವನ್ನು ಕಾದ ಕಬ್ಬಿಣದ ಮೇಲೆ ಹಾಕಿ, ಆ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕೆಳಗಿಟ್ಟ ನೀರಿನ ತಟ್ಟೆಯಲ್ಲಿ ಬಿಳಿ ಹುಳ ತೇಲುತ್ತವೆ. ಚಿಕ್ಕವಳಿದ್ದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಹಲ್ಲಿನಲ್ಲಿ ಹುಳವೇ ಇರುವುದಿಲ್ಲ, ಕಾವಿಗೆ ಸಿಡಿದ ಬೀಜದೊಳಗಿನ ಎಳೆಮೊಳಕೆ ನೋಡಲು ಹಾಗೆ ಕಾಣುತ್ತದೆ ಎಂದು ಆಮೇಲೆ ತಿಳಿಯಿತು. ಅವತ್ತು ಊರಿನ ಬಸ್ಸು ಹತ್ತಲಿಲ್ಲ ಅನ್ನುವುದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ದಂತವೈದ್ಯೆ ಚಿಕ್ಕ ವಯಸ್ಸಿನವರು. ಎಕ್ಸ್‌ರೇ ನೋಡಿ, ಸ್ವಲ್ಪ ಸುಮ್ಮನಿದ್ದು ಕೇಳಿದರು.

“ಈ ಹಲ್ಲು ಯಾವಾಗ ಬಂತು, ನೆನಪಿದೆಯಾ ಮೇಡಂ?”

“ಹಾಲುಹಲ್ಲಲ್ವಾ ಡಾಕ್ಟ್ರೇ, ಮೊದ್ಲಿಂದ್ಲೂ ಇತ್ತು.”

“ಅಲ್ಲ. ಇದು ಶಾಶ್ವತ ಹಲ್ಲು.”

ಆರು ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳೆಲ್ಲ ಮುಗಿದ ಹಿಂದಿನ ಖಾಲಿ ಜಾಗದಲ್ಲಿ, ನಾಲ್ಕು ಮೂಲೆಗೆ ನಾಲ್ಕು ದವಡೆ ಹಲ್ಲು ಹೊಸದಾಗಿ ಬರುತ್ತವೆ. ಯಾವ ಹಲ್ಲೂ ಬಿದ್ದು ಜಾಗ ಬಿಟ್ಟುಕೊಡುವುದಿಲ್ಲವಾದ್ದರಿಂದ ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಮನೆಯ ಮೇಲೆ ಎಸೆದು ಸಂಭ್ರಮ ಮಾಡುತ್ತೇವೆ. ಅದೇ ಹೊತ್ತಿಗೆ ಹಿಂದೆ ಸದ್ದಿಲ್ಲದೆ, ಮುಂದಿನ ಅರವತ್ತು ಎಪ್ಪತ್ತು ವರ್ಷ ರೊಟ್ಟಿ, ಮುದ್ದೆ, ಕಡಲೆ ಎಲ್ಲದರ ಭಾರ ಹೊರಬೇಕಾದ ಹಲ್ಲು ಬಂದು ಕೂತಿರುತ್ತದೆ. ಅದರ ಮೇಲ್ಮೈ ತುಂಬ ಆಳದ ಗೆರೆಗಳು. ಬಿಸ್ಕತ್ತಿನ ಹಿಟ್ಟು ಅಲ್ಲಿ ಮೆತ್ತಿಕೊಂಡರೆ ಬ್ರಶ್ಶಿನ ಎಳೆಯೂ ಒಳಗೆ ಹೋಗದು. ನನ್ನ ಮಗಳ ಆ ಹಲ್ಲು ಮೂರೇ ವರ್ಷದಲ್ಲಿ ಒಸಡಿನ ಕೆಳಗಿನವರೆಗೂ ಕೊಳೆತಿತ್ತು. ಬೇರಿನ್ನೂ ಪೂರ್ತಿ ಬೆಳೆದಿರಲಿಲ್ಲ, ಕ್ಯಾಪು ಕೂರಿಸಲು ಮೇಲೆ ಗೋಡೆಯೇ ಉಳಿದಿರಲಿಲ್ಲ. ಕೀಳಬೇಕಾಯಿತು.

ಅವಳು ಅತ್ತಳು, ನಾನೂ ಅತ್ತೆ. ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಹೊರಗೆ ಬಂದು ಬಿಚ್ಚಿ ನೋಡಿದೆ. ನಡುವೆ ದೊಡ್ಡ ಕಪ್ಪು ಗುಳಿ, ಸುತ್ತ ಉಳಿದ ಚೂರುಪಾರು ಎನಾಮೆಲ್ಲು ಮಾತ್ರ ಮುತ್ತಿನಂತೆ ಬಿಳಿ.

ಮುಂದಿನ ಸಲ ಹೋದಾಗ ಆ ವೈದ್ಯೆ ಉಳಿದ ಮೂರು ದವಡೆ ಹಲ್ಲು ನೋಡಿದರು. ಒಂದಕ್ಕೆ ಸಣ್ಣ ಫಿಲ್ಲಿಂಗು ಸಾಕಾಯಿತು. ಇನ್ನೆರಡರ ಗೆರೆಗಳಿಗೆ ಸೀಲೆಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಿದರು. ಸೂಜಿ ಇಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷದ ಕೆಲಸ. ಹಲ್ಲು ಬಂದ ಹೊಸತರಲ್ಲೇ ಇದನ್ನು ಮಾಡಿಸಿದ್ದರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಿತ್ತ ಜಾಗಕ್ಕೆ, ಹನ್ನೆರಡರ ಹೊತ್ತಿಗೆ ಬರುವ ಹಿಂದಿನ ದವಡೆ ಹಲ್ಲು ಸರಿದು ಬಂದರೂ ಬರಬಹುದು ಎಂದರು. ಮಗಳಿಗೆ ಈಗ ಹದಿಮೂರು. ಅದು ಅರ್ಧ ಸರಿದು, ಸ್ವಲ್ಪ ಮುಂದಕ್ಕೆ ವಾಲಿ ನಿಂತಿದೆ.

ಅವತ್ತೇ ಅವರು ನನ್ನ ಕಡೆ ತಿರುಗಿ, “ನೀವೂ ಒಮ್ಮೆ ಕೂತ್ಕೊಳಿ ಮೇಡಂ” ಎಂದರು. ನನ್ನ ಮೂವತ್ತೊಂಬತ್ತು ವರ್ಷದಲ್ಲಿ ಒಬ್ಬರ ಮುಂದೆ ಬಾಯಿ ಪೂರ್ತಿ ತೆರೆದದ್ದು ಅದೇ ಮೊದಲು. ಕಣ್ಣು ಮುಚ್ಚಿಕೊಂಡೆ. ಅವರು ಒಂದೊಂದೇ ಹಲ್ಲು ತಟ್ಟಿ ನೋಡಿ, “ಎಲ್ಲೂ ಹುಳುಕಿಲ್ಲ” ಎಂದರು. ಫ್ಲೋರೈಡ್ ತೀರಾ ಹೆಚ್ಚಾದವರ ಹಲ್ಲು ಗುಳಿಬಿದ್ದು ಚೂರಾಗುವುದುಂಟು, ನಿಮ್ಮದು ಅಷ್ಟಿಲ್ಲ, ಬರೀ ಬಣ್ಣ ಎಂದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಕೈಗೆ ಕನ್ನಡಿ ಕೊಟ್ಟರು. ಒಸಡಿನ ಅಂಚಿನಲ್ಲಿ, ಹಲ್ಲಿನ ಬುಡದಲ್ಲಿ, ಕೊಡಲಿ ಹಾಕಿದಂಥ ಕಚ್ಚುಗಳು. ಇಪ್ಪತ್ತು ವರ್ಷದ ಗಟ್ಟಿ ಬ್ರಶ್ಶು ಅಡ್ಡಡ್ಡ ಕೊಯ್ದದ್ದು. ತಣ್ಣೀರು ಕುಡಿದರೆ ಜುಂ ಎನ್ನುತ್ತಿದ್ದುದಕ್ಕೆ ಅದೇ ಕಾರಣ. ಇನ್ನು ಹಿಂದಿನ ಹಲ್ಲುಗಳ ಒಳಬದಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಗಾರೆಯಂತೆ ಗಟ್ಟಿಯಾದ ಪಾಚಿ. ಅವರ ಸಲಾಕೆ ತಗುಲಿದ ಕಡೆಯೆಲ್ಲ ಒಸಡಿನಿಂದ ರಕ್ತ.

ಜನ ನೋಡುವ ನಾಲ್ಕು ಹಲ್ಲನ್ನು ಸವೆಯುವಷ್ಟು ಉಜ್ಜಿದ್ದೆ. ಜನ ನೋಡದ ಹಲ್ಲುಗಳಿಗೆ ಬ್ರಶ್ಶೇ ಮುಟ್ಟಿಸಿರಲಿಲ್ಲ. ಮಗಳ ವಿಷಯದಲ್ಲೂ ನೋಡಿದ್ದು ಅವೇ ನಾಲ್ಕು ಹಲ್ಲು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತವೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರಿಸಿದರು. ಅದನ್ನೇ ಕೇಳಿದೆ. ಅವರು ನಕ್ಕು, ಒಸಡು ಕರಗಿ ಮೊದಲೇ ಸಡಿಲವಾಗಿರುವ ಹಲ್ಲನ್ನು ಆ ಗಾರೆ ಹಿಡಿದು ನಿಲ್ಲಿಸಿರುತ್ತದೆ, ತೆಗೆದಾಗ ಸಡಿಲವಾಗಿದ್ದದ್ದು ಗೊತ್ತಾಗುತ್ತದೆ ಅಷ್ಟೇ ಎಂದರು. ಬಿದ್ದುಹೋಗುವ ಮನೆಗೆ ಬಳ್ಳಿ ಹಬ್ಬಿದ್ದನ್ನು ನೋಡಿ ಗೋಡೆ ಗಟ್ಟಿ ಎಂದ ಹಾಗೆ. ಮಾಡಿಸಿದೆ. ಎರಡು ದಿನ ಹಲ್ಲು ಜುಮುಗುಟ್ಟಿತು, ಆಮೇಲೆ ಬಾಯಿ ಹಗುರವಾಯಿತು. ಕಂದು ಬಣ್ಣ ಮರೆಮಾಡಲು ಮುಂದಿನ ಹಲ್ಲಿಗೆ ಹೊದಿಕೆ ಹಾಕಬಹುದು ಎಂದೂ ಅವರು ತಿಳಿಸಿದರು, ರೇಟೂ ಹೇಳಿದರು. ಯೋಚನೆ ಮಾಡ್ತೀನಿ ಎಂದು ಬಂದೆ. ಇನ್ನೂ ಯೋಚಿಸುತ್ತಲೇ ಇದ್ದೇನೆ.

ಅವರು ಹೇಳಿಕೊಟ್ಟದ್ದರಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಮೆತ್ತನೆಯ ಬ್ರಶ್ಶು, ಒಸಡಿನ ಅಂಚಿಗೆ ವಾರೆಯಾಗಿ ಹಿಡಿದು, ಒತ್ತದೆ, ಸಣ್ಣ ಸುತ್ತು ಸುತ್ತುತ್ತಾ ಎರಡು ನಿಮಿಷ. ಫ್ಲೋರೈಡ್ ಇರುವ ಪೇಸ್ಟು, ಮಗಳಿಗೆ ಬಟಾಣಿ ಕಾಳಿನಷ್ಟು ಸಾಕು. ಉಗಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ, ಪೇಸ್ಟಿನಲ್ಲಿರುವ ಒಳ್ಳೆಯದೂ ತೊಳೆದುಹೋಗುತ್ತೆ ಎಂದಾಗ ಮಾತ್ರ ನಾನು ಬೆಚ್ಚಿದೆ. ಚೊಂಬುಗಟ್ಟಲೆ ನೀರಿನಲ್ಲಿ ಗಳಗಳ ಮುಕ್ಕಳಿಸಿ, ನಾಲಿಗೆ ಕೆರೆದು, ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸದಿದ್ದರೆ ನಮಗೆ ಬೆಳಗಾದಂತೆಯೇ ಅಲ್ಲವಲ್ಲ! ಬೆಳಿಗ್ಗೆ ತಪ್ಪಿದರೂ ರಾತ್ರಿ ಮಲಗುವ ಮುಂದಿನ ಉಜ್ಜು ತಪ್ಪಬಾರದಂತೆ. ಒಸಡಲ್ಲಿ ರಕ್ತ ಬಂತೆಂದು ಆ ಜಾಗವನ್ನು ಬಿಟ್ಟು ಉಜ್ಜುವುದು ನಮ್ಮ ವಾಡಿಕೆ. ಮಾಡಬೇಕಾದದ್ದು ತದ್ವಿರುದ್ಧ, ಅಲ್ಲೇ ಮೆತ್ತಗೆ ಇನ್ನಷ್ಟು ಚೆನ್ನಾಗಿ ಸ್ವಚ್ಛ ಮಾಡಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಬೇಕು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಒಸಡಿನ ರೋಗ ಅದನ್ನು ಕೆರಳಿಸುತ್ತದೆ, ಅದು ಒಸಡನ್ನು ಕೆಡಿಸುತ್ತದೆ ಎಂದ ಮೇಲೆ ಅವರೂ ಹೋಗಿ ಆ ಕುರ್ಚಿಯಲ್ಲಿ ಕೂತು ಬಂದರು.

ಸಿಹಿಯ ಲೆಕ್ಕವೊಂದು ನನಗೆ ಹೊಸದು. ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದು ಮುಖ್ಯ. ಒಂದೊಂದು ಸಲ ಸಿಹಿ ಬಾಯಿಗೆ ಬಿದ್ದಾಗಲೂ ಹಲ್ಲಿಗಂಟಿದ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡುತ್ತವೆ, ಎನಾಮೆಲ್ಲಿನಿಂದ ಸುಣ್ಣದ ಅಂಶ ಕರಗುತ್ತದೆ. ಜೊಲ್ಲು ಅದನ್ನು ರಿಪೇರಿ ಮಾಡಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಾಲ್ಕು ಹೋಳಿಗೆಯನ್ನು ಊಟದ ಜೊತೆ ಒಂದೇ ಸಲ ತಿಂದು ಎದ್ದವರ ಹಲ್ಲಿಗೆ ಆ ಬಿಡುವು ಸಿಗುತ್ತದೆ. ಒಂದು ಪೊಟ್ಟಣ ಬಿಸ್ಕತ್ತನ್ನು ಬೆಳಗಿಂದ ಸಂಜೆವರೆಗೆ ಒಂದೊಂದೇ ತಿಂದವರಿಗೆ ಸಿಗುವುದೇ ಇಲ್ಲ. ಇದನ್ನು ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅಂದ್ರೆ ಹೋಳಿಗೆ ತಿನ್ಬೋದು ಅಂತಾಯ್ತು” ಎಂದರು. ಮಿಠಾಯಿ ಡಬ್ಬಿ ಅಟ್ಟಕ್ಕೆ ಹೋಯಿತು, ಊಟದ ಹೊತ್ತಿಗೆ ಕೆಳಗಿಳಿಯುತ್ತದೆ.

ಕ್ಲಾಸಿನಲ್ಲಿ ಈಗ ಮಕ್ಕಳ ಬಾಯಿ ನೋಡುವ ಚಾಳಿ ಬಿದ್ದಿದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಓದಲು ಎದ್ದರೆ ಬಾಯಿ ಅರ್ಧಕ್ಕಿಂತ ತೆರೆಯುತ್ತಿರಲಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸೋ ನೋಡೋಣ ಎಂದೆ, ಎರಡೇ ಹಿಡಿಸಿತು. ಜೇಬಿನಲ್ಲಿ ಅಡಿಕೆ ಪುಡಿಯ ಸ್ಯಾಶೆ. ಕೆನ್ನೆಯ ಒಳಗಿನ ಚರ್ಮ ಅಡಿಕೆಗೆ ಬಿಗಿಯುತ್ತಾ ಹೋಗುತ್ತದೆ, ಅದು ಕ್ಯಾನ್ಸರಿಗೆ ದಾರಿಯಾಗಬಹುದು. ತಂಬಾಕಿಲ್ಲದ ಬರೀ ಅಡಿಕೆಯೂ ಅಪಾಯವೇ. ಅಡಿಕೆ ತೋಟವೇ ಅನ್ನವಾಗಿರುವ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳುವುದು ಸುಲಭವಲ್ಲ. ಅವರಪ್ಪನನ್ನು ಕರೆಸಿ ಹೇಳಿದೆ. ಅವರೂ ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ತಲೆಯಾಡಿಸಿದರು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅವ್ವ ಈಗಿಲ್ಲ. ಅಮ್ಮನಿಗೆ ಮೇಲಿನ ಸಾಲಿನಲ್ಲಿ ಐದೋ ಆರೋ ಹಲ್ಲು ಉಳಿದಿವೆ. ಮೊಣಕಾಲು ಮಡಚಲು ಆಗುವುದಿಲ್ಲ. ಅದರಲ್ಲಿ ವಯಸ್ಸಿನ ಪಾಲೆಷ್ಟು ನೀರಿನ ಪಾಲೆಷ್ಟು ಎಂದು ಯಾರು ಅಳೆಯುತ್ತಾರೆ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದು ವರ್ಷಗಳಾದವು. ಐದು ರೂಪಾಯಿ ಕಾಯಿನ್ನು ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಒಮ್ಮೊಮ್ಮೆ ಕೆಟ್ಟು ತಿಂಗಳುಗಟ್ಟಲೆ ನಿಲ್ಲುತ್ತದೆ. ತುಂಗಭದ್ರೆಯ ನೀರು ತರುವ ಪೈಪುಗಳನ್ನು ರಸ್ತೆ ಬದಿಯಲ್ಲಿ ನೋಡಿದ್ದೇನೆ. ಪಂಚಾಯಿತಿಯವರು ಕಿಟ್ಟು ತಂದು ಪರೀಕ್ಷೆ ಮಾಡಿದಾಗ ನಮ್ಮ ಮನೆಯ ಬೋರಿನ ನೀರಿನಲ್ಲಿ ಫ್ಲೋರೈಡು ಮಿತಿಯ ದುಪ್ಪಟ್ಟಿಗೂ ಹೆಚ್ಚಿತ್ತು.

ತಮ್ಮನ ಮಗಳಿಗೆ ಎರಡು ವರ್ಷ. ಬಾಯಿ ತುಂಬ ಹಾಲುಹಲ್ಲು, ಬಿಳಿ. ಅಡಿಗೆಮನೆಯಲ್ಲಿ ತಮ್ಮನ ಹೆಂಡತಿ ಬೋರಿನ ನೀರು ಬಗ್ಗಿಸಿ ಬೇಳೆ ತೊಳೆದು, ಅದೇ ನೀರಲ್ಲಿ ಬೇಯಲು ಇಟ್ಟಳು. ಕ್ಯಾನಿನ ನೀರು ಕುಡಿಯಲು ಮಾತ್ರ ಎಂಬುದು ನಮ್ಮೂರಲ್ಲಿ ಎಲ್ಲ ಮನೆಯ ಪದ್ಧತಿ.

“ಮಗೂಗೆ ಬೇಯಿಸೋದೂ ಇದ್ರಲ್ಲೇನಾ?” ಎಂದೆ.

“ಕುದಿಸ್ತೀವಲ್ಲ ಅಕ್ಕ, ಕುದಿಸಿದ್ರೆ ಎಲ್ಲ ಹೋಗ್ತದೆ.”

ಹೋಗುವುದಿಲ್ಲ. ಕುದಿದು ನೀರು ಆವಿಯಾಗಿ ಹೋದಷ್ಟೂ ಪಾತ್ರೆಯಲ್ಲಿ ಉಳಿದದ್ದರಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಮಗುವಿನ ದವಡೆಗೆ ಬೆರಳಿಟ್ಟು ತೋರಿಸಿದೆ. ಇಲ್ಲಿ ಒಳಗೆ ಮುಂದಿನ ದೊಡ್ಡ ಹಲ್ಲುಗಳು ಈಗ, ಇವತ್ತು, ಕಟ್ಟಿಕೊಳ್ಳುತ್ತಿವೆ. ಇನ್ನು ಮೂರ್ನಾಲ್ಕು ವರ್ಷಕ್ಕೆ ಹೊರಗೆ ಬಂದಾಗ ನೋಡಿ ಪ್ರಯೋಜನವಿಲ್ಲ. ಅನ್ನಕ್ಕೆ, ಸಾರಿಗೆ, ಹಾಲಿಗೆ, ಗಂಜಿಗೆ ಹೋಗುವ ನೀರೂ ಹೊಟ್ಟೆಗೇ ತಾನೆ ಹೋಗುವುದು. ಪೇಸ್ಟಿನ ವಿಷಯವನ್ನೂ ಕೇಳಿದಳು. ಇಂಥ ನೀರಿರುವ ಕಡೆ ನುಂಗುವ ವಯಸ್ಸಿನ ಮಗುವಿಗೆ ಯಾವುದು, ಎಷ್ಟು ಎಂದು ವೈದ್ಯರನ್ನೇ ಕೇಳಬೇಕು ಎಂದು ನಮ್ಮ ಡಾಕ್ಟರ ನಂಬರು ಕೊಟ್ಟೆ. ನನಗೆ ಟ್ರಂಕಿನ ಮೇಲಿನ ಹೊಸ ಬ್ರಶ್ಶು ನೆನಪಾಗಿ ದನಿ ಸ್ವಲ್ಪ ಜೋರಾಯಿತೇನೋ, ಮಗು ಅಳಲು ಶುರುಮಾಡಿತು.

ಜಗುಲಿಯ ಮೇಲಿಂದ ಅಮ್ಮ, “ನಾವೆಲ್ಲ ಬದುಕಿಲ್ವೇನೆ ಇದೇ ನೀರು ಕುಡ್ದು” ಎಂದಳು. ಅವಳಿಗೆ ಉತ್ತರ ಹೇಳಲು ಹೋಗಲಿಲ್ಲ. ತಮ್ಮ ಲೆಕ್ಕ ಹಾಕತೊಡಗಿದ. ಅಡಿಗೆಗೂ ಆದರೆ ದಿನಕ್ಕೆ ಎರಡು ಕ್ಯಾನು, ಹತ್ತು ರೂಪಾಯಿ, ತಿಂಗಳಿಗೆ ಮುನ್ನೂರು. ಬೈಕಿಗೆ ಎರಡು ಕಡೆ ಕಟ್ಟಿಕೊಂಡು ಬರಬೇಕು. ಘಟಕ ಕೆಟ್ಟರೆ ಪಕ್ಕದೂರಿಗೆ ಹೋಗಬೇಕು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಖಾಲಿ ಕ್ಯಾನು ಎತ್ತಿಕೊಂಡು ಹೊರಗೆ ಹೋದ. ಬೈಕಿನ ಸದ್ದು ಕೇಳಿತು.

ತಮ್ಮನ ಹೆಂಡತಿ ಒಲೆಯ ಮೇಲಿದ್ದ ಬೇಳೆಯ ನೀರನ್ನು ಬಸಿದು, ಕುಡಿಯುವ ಕ್ಯಾನಿನಿಂದ ಚೊಂಬಿಗೆ ಬಗ್ಗಿಸಿದಳು. ಚೊಂಬು ಹಿಡಿದು ಒಂದು ಕ್ಷಣ ನಿಂತಳು.

“ಹುಣಸೆಹಣ್ಣು ನೆನೆಹಾಕಕ್ಕೂ ಇದೇನಾ ಅಕ್ಕ?”

“ಅದಕ್ಕೂ ಇದೇ” ಎಂದೆ.